ಟೈಮ್‌ಲೈನ್‌ನಲ್ಲಿ ಗೆರೆ ಇದೆ, ಒತ್ತಿದರೆ ಕಪ್ಪು ಪರದೆ: ಸಿಸಿಟಿವಿ ಸರ್ವರ್‌ನಲ್ಲಿ ವಿಡಿಯೊ ಕೆಡದ ಹಾಗೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ಶಿವಮೊಗ್ಗ ಜಿಲ್ಲೆಯಲ್ಲಿ ನಮ್ಮದೊಂದು ಅಡಿಕೆ ಗೋದಾಮು ಇದೆ. 16 ಐಪಿ ಕ್ಯಾಮೆರಾ ಹಾಕಿಸಿದ್ದೇವೆ. ವಿಂಡೋಸ್ ಕಂಪ್ಯೂಟರ್ ಒಂದನ್ನೇ ಸರ್ವರ್ ಮಾಡಿ, 8 ಟಿಬಿಯ 4 ಹಾರ್ಡ್ ಡಿಸ್ಕ್ ಹಾಕಿ, ಮದರ್‌ಬೋರ್ಡಿನಲ್ಲೇ ಬರುವ ರೇಡ್ 5 (ಹಲವು ಡಿಸ್ಕ್ ಸೇರಿಸಿ, ಒಂದು ಸತ್ತರೂ ಕೆಲಸ ನಡೆಯುವಂತೆ ಮಾಡುವ ಜೋಡಣೆ) ಮಾಡಿಕೊಟ್ಟಿದ್ದಾರೆ. ಯುಪಿಎಸ್ ಕೂಡ ಇದೆ. ಹೋದ ವಾರ ಒಂದು ರಾತ್ರಿ ಗಾಳಿ ಮಳೆಗೆ ಮೂರು ನಾಲ್ಕು ಸಲ ಕರೆಂಟ್ ಹೋಗಿ ಬಂತು. ಬೆಳಿಗ್ಗೆ ಎಣಿಸಿದಾಗ ನಾಲ್ಕು ಮೂಟೆ ಕಡಿಮೆ. ವಿಡಿಯೊ ನೋಡೋಣ ಅಂದರೆ ಟೈಮ್‌ಲೈನ್‌ನಲ್ಲಿ ರೆಕಾರ್ಡಿಂಗ್ ಇದೆ ಎಂದು ಗೆರೆ ತೋರಿಸುತ್ತದೆ, ಒತ್ತಿದರೆ ಕಪ್ಪು ಪರದೆ. ಕೆಲವು ಕಡೆ ಚಿತ್ರ ಚೌಕ ಚೌಕವಾಗಿ ಒಡೆದು ಹೋಗುತ್ತದೆ. ರೇಡ್ ಇದೆ, ಯುಪಿಎಸ್ ಇದೆ, ಆದರೂ ಹೀಗೇಕಾಯಿತು? ಮುಂದೆ ಆಗದಂತೆ ಏನು ಮಾಡಬೇಕು?

ಉತ್ತರ: ಕಾರಣ ಹೇಳುವ ಮೊದಲು ಒಂದು ಕೆಲಸ ಹೇಳುತ್ತೇನೆ. ಅದನ್ನು ಇವತ್ತೇ ಮಾಡಿ.

ಆ ನಾಲ್ಕು ಡಿಸ್ಕ್‌ಗಳ ಮೇಲೆ ಬರೆಯುವುದನ್ನು ನಿಲ್ಲಿಸಿ. ನಿಮ್ಮ ಸರ್ವರ್ ಜಾಗ ತುಂಬಿದಾಗ ಹಳೆಯದನ್ನು ಅಳಿಸಿ ಹೊಸದು ಬರೆಯುತ್ತದೆ. ಕೆಟ್ಟಿರುವ ಭಾಗದಲ್ಲಿ ಇನ್ನೂ ಏನಾದರೂ ಉಳಿದಿದ್ದರೆ ಅದರ ಮೇಲೂ ಬರೆದುಬಿಡಬಹುದು. ಸದ್ಯಕ್ಕೆ ಬೇರೊಂದು ಡಿಸ್ಕ್ ಹಾಕಿ ರೆಕಾರ್ಡಿಂಗ್ ಅತ್ತ ತಿರುಗಿಸಿ. ಹಳೆಯ ನಾಲ್ಕಕ್ಕೂ ಚೀಟಿ ಅಂಟಿಸಿ, ಯಾವುದು ಯಾವ ಪೋರ್ಟಿನಲ್ಲಿತ್ತು ಎಂದು ಬರೆದು ಒಂದು ಕಡೆ ತೆಗೆದಿಡಿ. ರೇಡ್‌ನಲ್ಲಿ ಈ ಕ್ರಮ ಮುಖ್ಯ. ಪೊಲೀಸರಿಗೆ ದೂರು ಕೊಟ್ಟಿದ್ದರೆ ಡಿಸ್ಕ್ ಬಿಚ್ಚುವ ಮೊದಲೇ ಅವರಿಗೊಂದು ಮಾತು ತಿಳಿಸಿ.

ಇನ್ನೊಂದು ಮಾತು: ಯಾರು ಎಷ್ಟೇ ಹೇಳಿದರೂ ಚೆಕ್‌ಡಿಸ್ಕ್ (ವಿಂಡೋಸ್‌ನ ಡಿಸ್ಕ್ ದುರಸ್ತಿ ಉಪಕರಣ) ಓಡಿಸಬೇಡಿ. ಅದರ ಕೆಲಸ ಫೈಲ್ ಸಿಸ್ಟಮ್ಮಿನ, ಅಂದರೆ ಯಾವ ಫೈಲ್ ಡಿಸ್ಕ್‌ನ ಎಲ್ಲಿದೆ ಎಂಬ ವ್ಯವಸ್ಥೆಯ, ಲೆಕ್ಕ ಸರಿಮಾಡುವುದು, ನಿಮ್ಮ ವಿಡಿಯೊ ಉಳಿಸುವುದಲ್ಲ. ಲೆಕ್ಕಕ್ಕೆ ಹೊಂದದ್ದನ್ನು ಅದು ಕತ್ತರಿಸಿ ಪಕ್ಕಕ್ಕೆ ಹಾಕುತ್ತದೆ. ಡಿಸ್ಕೇ ಸೋತಿದ್ದರೆ ಮೊದಲು ಪೂರ್ತಿ ನಕಲು ತೆಗೆಯಬೇಕು, ಆಮೇಲೆ ಆ ನಕಲಿನ ಮೇಲೆ ಪ್ರಯೋಗ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ಉಪಕರಣ ಇದಕ್ಕೇ ಇದೆ. ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಯಲ್ಲಿ ಮತ್ತೆ ಮತ್ತೆ ಹೋಗಿ ಪ್ರಯತ್ನಿಸುತ್ತದೆ. ಇದನ್ನು ಮಾಡಿ ಅಭ್ಯಾಸ ಇರುವವರ ಕೈಗೇ ಕೊಡಿ.

ಇನ್ನು ಕಾರಣಕ್ಕೆ ಬರೋಣ.

ಆಫೀಸಿನ ಕಂಪ್ಯೂಟರಿನಲ್ಲಿ ಒಂದು ಫೈಲ್ ಕೆಟ್ಟರೆ ಎರಡು ದಿನದಲ್ಲಿ ಯಾರಾದರೂ ತೆರೆದೇ ತೆರೆಯುತ್ತಾರೆ, ಗೊತ್ತಾಗುತ್ತದೆ. ಸಿಸಿಟಿವಿ ಸರ್ವರ್ ಹಾಗಲ್ಲ. ಅದು ಹಗಲು ರಾತ್ರಿ ಬರೆಯುತ್ತಲೇ ಇರುತ್ತದೆ, ಬರೆದದ್ದನ್ನು ಯಾರೂ ಓದುವುದಿಲ್ಲ. ವರ್ಷಕ್ಕೆ ಎರಡು ಸಲವೋ ಮೂರು ಸಲವೋ, ಕಳ್ಳತನವೋ ಜಗಳವೋ ಆದಾಗ ಮಾತ್ರ ತೆಗೆದು ನೋಡುತ್ತೇವೆ. ಅಷ್ಟರಲ್ಲಿ ಕೆಡುಕು ಶುರುವಾಗಿ ಆರು ತಿಂಗಳಾಗಿದ್ದರೂ ಆಗಿರಬಹುದು. ನಾನು ಇಂಥ ಸರ್ವರ್‌ಗಳ ನಡುವೆಯೇ ಕೆಲಸ ಮಾಡುವವನು. ವಿಡಿಯೊ ಕೆಟ್ಟ ದಿನವೇ ನನಗೆ ಫೋನ್ ಬಂದದ್ದು ತೀರಾ ಕಡಿಮೆ. ಬರುವುದೆಲ್ಲ ಬೇಕಾದ ದಿನವೇ.

ನಿಮ್ಮ ಗೋದಾಮಿನ ಲೆಕ್ಕವನ್ನೇ ಹಾಕಿ. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳಿಸುತ್ತದೆ ಅಂತ ಇಟ್ಟುಕೊಳ್ಳಿ. 16 ಕ್ಯಾಮೆರಾ ಸೇರಿ 64 ಮೆಗಾಬಿಟ್, ಅಂದರೆ ಸೆಕೆಂಡಿಗೆ 8 ಎಂಬಿ. ದಿನಕ್ಕೆ ಸುಮಾರು 690 ಜಿಬಿ ಆಯಿತು. 30 ದಿನಕ್ಕೆ 20.7 ಟಿಬಿ, ವರ್ಷಕ್ಕೆ 252 ಟಿಬಿ. ಒಂದು ಸೆಕೆಂಡೂ ಬಿಡುವಿಲ್ಲದ ಬರವಣಿಗೆ ಇದು. ಕರೆಂಟ್ ಯಾವ ಗಳಿಗೆಯಲ್ಲಿ ಹೋದರೂ 16 ಫೈಲ್‌ಗಳು ಅರ್ಧ ಬರೆದ ಸ್ಥಿತಿಯಲ್ಲೇ ಇರುತ್ತವೆ.

ಆ ರಾತ್ರಿ ಏನಾಯಿತು ಎಂದು ಊಹಿಸಬೇಕಿಲ್ಲ, ವಿಂಡೋಸ್ ಬರೆದಿಟ್ಟಿರುತ್ತದೆ. ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್‌ನಲ್ಲಿ ಆ ಹೊತ್ತಿಗೆ ಹೋಗಿ. ಪ್ರತಿ ಘಟನೆಗೂ ಅಲ್ಲಿ ಒಂದು ನಂಬರ್ ಇರುತ್ತದೆ. ಕರ್ನಲ್ ಪವರ್ 41 ಅಥವಾ 6008 ಕಂಡರೆ ಕಂಪ್ಯೂಟರ್ ಸರಿಯಾಗಿ ಮುಚ್ಚದೆ ದಿಢೀರನೆ ನಿಂತಿದೆ ಎಂದರ್ಥ. ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ಸಿಸ್ಟಮ್) 55 ಕಂಡರೆ ಅದರ ಲೆಕ್ಕವೇ ಕೆಟ್ಟಿದೆ. ಡಿಸ್ಕ್ 7 ಅಂದರೆ ಡಿಸ್ಕ್‌ನಲ್ಲಿ ಓದಲಾಗದ ಜಾಗ ಸಿಕ್ಕಿದೆ. 153 ಅಂದರೆ ಒಂದು ಸಲಕ್ಕೆ ಆಗದೆ ಮತ್ತೆ ಪ್ರಯತ್ನಿಸಬೇಕಾಯಿತು ಎಂದು. 7 ಮತ್ತು 153 ಆ ರಾತ್ರಿಗಿಂತ ವಾರಗಟ್ಟಲೆ ಮುಂಚೆಯಿಂದಲೇ ಇದ್ದರೆ ಪೂರ್ತಿ ತಪ್ಪು ಮಳೆಯದ್ದಲ್ಲ.

ನೀವು ಹೇಳಿದ ಎರಡು ಲಕ್ಷಣ ಬೇರೆ ಬೇರೆ. ಎರಡಕ್ಕೂ ಒಂದೇ ಔಷಧ ಹಾಕಬೇಡಿ.

ಕಪ್ಪು ಪರದೆ ನನ್ನ ಮಟ್ಟಿಗೆ ಕರೆಂಟಿನ ಕೆಲಸ. ಟೈಮ್‌ಲೈನ್‌ನ ಗೆರೆ ವಿಡಿಯೊ ಫೈಲಿನಿಂದ ಬರುವುದಿಲ್ಲ. ಸಾಫ್ಟ್‌ವೇರಿನ ಡೇಟಾಬೇಸ್ ಬೇರೆ ಇರುತ್ತದೆ, ಗೆರೆ ಬರುವುದು ಅಲ್ಲಿಂದ. 2 ಗಂಟೆಗೆ ರೆಕಾರ್ಡಿಂಗ್ ಶುರು ಎಂದು ಅದು ಬರೆದುಕೊಂಡಿದೆ, ಗೆರೆ ಎಳೆದಿದೆ. ಫೈಲ್ ಮಾತ್ರ ಅರ್ಧಕ್ಕೆ ನಿಂತಿದೆ. ನಿಮ್ಮಲ್ಲಿ ಕಿರ್ದಿ, ಖಾತೆ ಇಡುತ್ತೀರಲ್ಲ, ಹಾಗೇ ಇದು. ಎನ್‌ಟಿಎಫ್‌ಎಸ್‌ಗೂ ತನ್ನದೇ ಒಂದು ಕಿರ್ದಿ ಇದೆ, ಜರ್ನಲ್ ಅಂತಾರೆ. ಕರೆಂಟ್ ಹೋಗಿ ಬಂದಾಗ ಅದನ್ನು ನೋಡಿ ಖಾತೆ ಸರಿಮಾಡಿಕೊಳ್ಳುತ್ತದೆ. ಆದರೆ ಆ ಕಿರ್ದಿಯಲ್ಲಿ ಇರುವುದು ಯಾವ ಮೂಟೆ ಯಾವ ಸಾಲಿನಲ್ಲಿದೆ ಅನ್ನುವುದು ಮಾತ್ರ. ಮೂಟೆಯೊಳಗೆ ಅಡಿಕೆ ಇದೆಯೋ ಖಾಲಿಯೋ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಫೈಲಿಗೆ ಹೆಸರಿದೆ, ಗಾತ್ರವಿದೆ, ಒಳಗೆ ಬರೀ ಸೊನ್ನೆ ತುಂಬಿರುತ್ತದೆ. ಇಂಥದ್ದನ್ನು ತುಂಬಾ ಸಲ ನೋಡಿದ್ದೇನೆ.

ಫೈಲ್ ಎಂಪಿ4 ಆಗಿದ್ದರೆ ಇನ್ನೊಂದು ತೊಂದರೆ. ಎಂಪಿ4ಗೆ ಒಂದು ಪರಿವಿಡಿ ಬೇಕು. ಯಾವ ಸೆಕೆಂಡಿನ ಚಿತ್ರ ಫೈಲಿನ ಎಲ್ಲಿದೆ ಎಂಬ ಪಟ್ಟಿ ಅದು. ಸಾಮಾನ್ಯವಾಗಿ ಅದನ್ನು ರೆಕಾರ್ಡಿಂಗ್ ಮುಗಿದ ಮೇಲೆ ಕೊನೆಯಲ್ಲಿ ಬರೆಯುತ್ತಾರೆ. ಅಷ್ಟರೊಳಗೆ ಕರೆಂಟ್ ಹೋದರೆ ಒಂದು ಗಂಟೆಯ ಚಿತ್ರ ಪೂರ್ತಿ ಡಿಸ್ಕ್‌ನಲ್ಲಿದ್ದರೂ ಪ್ಲೇಯರ್‌ಗೆ ದಾರಿ ತಿಳಿಯುವುದಿಲ್ಲ. ಇಲ್ಲಿ ನಿಮಗೊಂದು ಒಳ್ಳೆಯ ಸುದ್ದಿಯೂ ಇದೆ. ಇಂಥ ಫೈಲನ್ನು ಎಷ್ಟೋ ಸಲ ಉಳಿಸಬಹುದು. ಅದೇ ಕ್ಯಾಮೆರಾದ, ಅದೇ ಸೆಟ್ಟಿಂಗಿನ ಒಂದು ಚೆನ್ನಾಗಿರುವ ಫೈಲನ್ನು ಮಾದರಿಯಾಗಿ ಕೊಟ್ಟರೆ ಅನ್‌ಟ್ರಂಕ್‌ನಂಥ ಉಪಕರಣ ಪರಿವಿಡಿಯನ್ನು ಹೊಸದಾಗಿ ಕಟ್ಟಿಕೊಡುತ್ತದೆ. ಆದ್ದರಿಂದ ಆ ಕಪ್ಪು ಪರದೆಯ ಫೈಲ್‌ಗಳನ್ನು ಕೆಲಸಕ್ಕೆ ಬಾರದ್ದು ಅಂತ ಅಳಿಸಬೇಡಿ. ನಕಲಿನಲ್ಲಿ ಅವೂ ಇರಲಿ.

ಮುಂದಕ್ಕೆ ಇದನ್ನು ತಪ್ಪಿಸುವುದು ಕಷ್ಟವಲ್ಲ. ನಿಮ್ಮ ಸಾಫ್ಟ್‌ವೇರಿನಲ್ಲಿ ಫೈಲಿನ ಉದ್ದ ಬದಲಿಸುವ ಆಯ್ಕೆ ಇದ್ದರೆ ಒಂದು ಗಂಟೆಯನ್ನು 5 ನಿಮಿಷಕ್ಕೆ ಇಳಿಸಿ. ಕರೆಂಟ್ ಹೋದರೆ ಹೋಗುವುದು ಹೆಚ್ಚೆಂದರೆ 5 ನಿಮಿಷ. ಫೈಲಿನ ಬಗೆ ಆರಿಸಲು ಬಂದರೆ ಎಂಕೆವಿ ಅಥವಾ ಟಿಎಸ್ ಇಟ್ಟುಕೊಳ್ಳಿ. ಟಿಎಸ್ ಫೈಲ್ 188 ಬೈಟ್‌ಗಳ ಚಿಕ್ಕ ಚಿಕ್ಕ ಕಟ್ಟುಗಳಿಂದ ಆಗಿರುತ್ತದೆ. ಎಲ್ಲಿ ತುಂಡಾದರೂ ಅಲ್ಲಿಯ ತನಕ ಓಡುತ್ತದೆ. ಟಿವಿ ಪ್ರಸಾರಕ್ಕೆಂದೇ, ದಾರಿಯಲ್ಲಿ ಒಂದಿಷ್ಟು ಕಳೆದುಹೋದರೂ ನಡೆಯಬೇಕು ಎಂದು ಮಾಡಿದ ಬಗೆ ಅದು.

ಚೌಕ ಚೌಕವಾಗಿ ಒಡೆಯುವುದು ಬೇರೆ ಕಥೆ. ವಿಡಿಯೊದಲ್ಲಿ ಪ್ರತಿ ಚಿತ್ರವೂ ಪೂರ್ತಿ ಇರುವುದಿಲ್ಲ. ಒಂದು ಪೂರ್ತಿ ಚಿತ್ರ, ಆಮೇಲೆ ಬದಲಾದದ್ದು ಮಾತ್ರ, ಮತ್ತೆ ಒಂದು ಪೂರ್ತಿ ಚಿತ್ರ, ಹೀಗೆ. ಆ ಪೂರ್ತಿ ಚಿತ್ರಕ್ಕೆ ಐ-ಫ್ರೇಮ್ ಅನ್ನುತ್ತಾರೆ. ಅದರಲ್ಲಿ ಒಂದು ಚೂರು ಕೆಟ್ಟರೂ ಮುಂದಿನ ಐ-ಫ್ರೇಮ್ ಬರುವ ತನಕ ಎಲ್ಲವೂ ಕಲಸಿಹೋಗುತ್ತದೆ. ಈಗ ಪ್ರಶ್ನೆ, ಆ ಚೂರು ಕೆಟ್ಟದ್ದು ಡಿಸ್ಕ್‌ನಲ್ಲೋ, ಡಿಸ್ಕ್‌ಗೆ ಬರುವ ದಾರಿಯಲ್ಲೋ? ಡಿಸ್ಕ್ ಕಾರಣವಾಗಿದ್ದರೆ ಪ್ಲೇ ಮಾಡುವಾಗ ಆ ಜಾಗದಲ್ಲಿ ಕಂಪ್ಯೂಟರ್ ತಡವರಿಸುತ್ತದೆ, ಕೆಲವು ಸೆಕೆಂಡ್ ನಿಲ್ಲುತ್ತದೆ, ಲಾಗ್‌ನಲ್ಲಿ ಡಿಸ್ಕ್ ದೂರು ಬೀಳುತ್ತದೆ. ತಡವರಿಕೆ ಏನೂ ಇಲ್ಲದೆ ಸಲೀಸಾಗಿ ಓಡುತ್ತಾ ಚಿತ್ರ ಮಾತ್ರ ಕಲಸಿದ್ದರೆ, ಅದು ಬಂದದ್ದೇ ಹಾಗೆ. ಕೇಬಲ್ ನೋಡಿ. ಮಲೆನಾಡಿನ ತೇವಕ್ಕೆ ಹೊರಗಿನ ಕ್ಯಾಮೆರಾಗಳ ಕನೆಕ್ಟರಿನಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ. ಬಿಚ್ಚಿ ಹೊಸದು ಕಟ್ಟಿ, ನೀರು ಇಳಿಯದ ಹಾಗೆ ಮುಚ್ಚಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಇನ್ನು ಯುಪಿಎಸ್. "ಯುಪಿಎಸ್ ಇದೆ" ಅನ್ನುವ ಮಾತು ನನಗೆ ಸಾಕಾಗುವುದಿಲ್ಲ. ಅದರ ಹಿಂದೆ ಒಂದು ಯುಎಸ್‌ಬಿ ಕಿಂಡಿ ಇರುತ್ತದೆ, ನೋಡಿದ್ದೀರಾ? ಅಲ್ಲಿಂದ ಸರ್ವರ್‌ಗೆ ಒಂದು ಕೇಬಲ್ ಹೋಗಬೇಕು. ಬ್ಯಾಟರಿ ಮುಗಿಯುತ್ತಾ ಬಂದಿದೆ ಎಂದು ಯುಪಿಎಸ್ ಸರ್ವರ್‌ಗೆ ಹೇಳುವುದು ಆ ಕೇಬಲ್‌ನಿಂದ. ಆಗ ಸರ್ವರ್ ತಾನಾಗಿಯೇ ಎಲ್ಲ ಫೈಲ್ ಮುಚ್ಚಿ, ಸರಿಯಾಗಿ ಮಲಗುತ್ತದೆ. ಆ ಕೇಬಲ್ ಇಲ್ಲದ ಯುಪಿಎಸ್ ಅಪಘಾತವನ್ನು ಇಪ್ಪತ್ತು ನಿಮಿಷ ಮುಂದಕ್ಕೆ ಹಾಕುತ್ತದೆ, ಅಷ್ಟೇ. ನಾನು ಹೋದ ಬಹಳಷ್ಟು ಕಡೆ ಕೇಬಲ್ ಪ್ಲಾಸ್ಟಿಕ್ ಚೀಲದಿಂದಲೇ ಹೊರಗೆ ಬಂದಿರಲಿಲ್ಲ, ಪೆಟ್ಟಿಗೆಯಲ್ಲೇ ಇತ್ತು.

ಕಳೆದ ವರ್ಷ ಕರಾವಳಿಯ ಒಂದು ದಾಸ್ತಾನು ಮಳಿಗೆಯಲ್ಲಿ ಹೀಗೇ ಪರೀಕ್ಷೆ ಮಾಡಿದೆವು. ಯುಪಿಎಸ್‌ನ ಪರದೆ 28 ನಿಮಿಷ ಅಂತ ತೋರಿಸುತ್ತಿತ್ತು. ಅಲ್ಲಿಯವರಿಗೆ ಅದರ ಮೇಲೆ ಪೂರ್ತಿ ನಂಬಿಕೆ. ಗೋಡೆಯ ಪ್ಲಗ್ ಎಳೆದೆ. ಕೀ ಕೀ ಅಂತ ಶುರುವಾಯಿತು. 28 ಇದ್ದದ್ದು 19 ಆಯಿತು, ಆಮೇಲೆ ಒಮ್ಮೆಗೇ 3. ನಾಲ್ಕನೇ ನಿಮಿಷಕ್ಕೆ ಕೋಣೆ ಪೂರ್ತಿ ಕತ್ತಲೆ, ಫ್ಯಾನ್ ಸದ್ದೂ ನಿಂತಿತು. ಬ್ಯಾಟರಿ ಹಾಕಿ ಐದು ವರ್ಷ ಆಗಿತ್ತು. ಮುಚ್ಚಿದ ಲೆಡ್ ಆಸಿಡ್ ಬ್ಯಾಟರಿ ಬಿಸಿ ಕೋಣೆಯಲ್ಲಿ ಎರಡು ಮೂರು ವರ್ಷ ಬಂದರೆ ಹೆಚ್ಚು. ನೀವೂ ಹೀಗೇ ಮಾಡಿ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಹಗಲು ಹೊತ್ತಿನಲ್ಲಿ. ಮೊದಲು ಸರ್ವರ್ ಸರಿಯಾಗಿ ಬಂದ್ ಮಾಡಿ, ಯುಪಿಎಸ್‌ಗೆ ಸರ್ವರ್ ಎಳೆಯುವಷ್ಟೇ ವ್ಯಾಟಿನ ಬಲ್ಬ್ ಹಾಕಿ ಎಷ್ಟು ಹೊತ್ತು ಬರುತ್ತದೆ ಅಳೆಯಿರಿ. ಆಮೇಲೆ ಸರ್ವರ್ ಸಮೇತ ಮತ್ತೊಮ್ಮೆ, ಅದು ತಾನಾಗಿ ಮಲಗುತ್ತದೋ ಇಲ್ಲವೋ ನೋಡಲು. ಮನೆಯ ಇನ್ವರ್ಟರ್‌ಗೇ ಸರ್ವರ್ ಕೊಟ್ಟಿದ್ದರೆ ಅದು ಯುಪಿಎಸ್ ಮೋಡ್‌ನಲ್ಲಿ ಇರಬೇಕು. ಕಂಪ್ಯೂಟರಿನ ಪವರ್ ಸಪ್ಲೈ ಕರೆಂಟ್ ಇಲ್ಲದೆ ತಡೆಯುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಮಾಮೂಲಿ ಮೋಡ್‌ನಲ್ಲಿ ಇನ್ವರ್ಟರ್ ಅದಕ್ಕಿಂತ ನಿಧಾನವಾಗಿ ಬದಲಾಗುತ್ತದೆ.

ಸಿಡಿಲಿನ ಮಾತೂ ಹೇಳಬೇಕು, ನಿಮ್ಮ ಕಡೆ ಏಪ್ರಿಲ್ ಮೇನಲ್ಲಿ ಅದು ಜಾಸ್ತಿ ಅಲ್ವಾ. ಕ್ಯಾಮೆರಾಗಳಿಗೆ ಎಳೆದ ತಾಮ್ರದ ಲ್ಯಾನ್ ಕೇಬಲ್ ಉದ್ದಕ್ಕೂ ಆ ಹೊಡೆತ ಒಳಗೆ ಬರುತ್ತದೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವ ಕೇಬಲ್ ಇದ್ದರೆ ಅದೊಂದನ್ನು ಫೈಬರ್ ಮಾಡಿಸಿ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಜೊತೆಗೆ ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಈಗ ಯಾರೂ ಹೇಳದ ಒಂದು ಸಂಗತಿ, ರೈಟ್ ಕ್ಯಾಶ್. ವಿಂಡೋಸ್ ಒಂದು ಫೈಲ್ ಬರೆದೆ ಅಂದಾಗ ಅದು ಡಿಸ್ಕ್‌ನೊಳಗಿನ ತಟ್ಟೆಯ ಮೇಲೆ ಇಳಿದಿದೆ ಎಂದಲ್ಲ. ಸ್ವಲ್ಪ ಹೊತ್ತು ಮೆಮೊರಿಯಲ್ಲಿ, ಡಿಸ್ಕ್‌ನ ಒಳಗಿನ ಚಿಕ್ಕ ಮೆಮೊರಿಯಲ್ಲಿ ಕಾದಿರುತ್ತದೆ. ಕರೆಂಟ್ ಹೋದರೆ ಅಷ್ಟೂ ಹೋಯಿತು. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್ಕ್‌ನ ಪಾಲಿಸೀಸ್ ಪುಟ ತೆರೆಯಿರಿ. ಅಲ್ಲಿ ಎರಡು ಚೌಕ ಇರುತ್ತವೆ. ಎರಡನೆಯದು, ಬಫರ್ ಫ್ಲಶಿಂಗ್ ಆಫ್ ಮಾಡುವುದು, ಅದಕ್ಕೆ ಟಿಕ್ ಬಿದ್ದಿದ್ದರೆ ತಕ್ಷಣ ತೆಗೆಯಿರಿ. ವೇಗ ಬರುತ್ತೆ ಅಂತ ಯಾರೋ ಹಾಕಿರುತ್ತಾರೆ. ಮುಖ್ಯವಾದದ್ದನ್ನು ಈಗಲೇ ತಟ್ಟೆಗೆ ಇಳಿಸು ಎನ್ನುವ ಆಜ್ಞೆಯನ್ನೇ ಅದು ನಿಲ್ಲಿಸಿಬಿಡುತ್ತದೆ. ಮದರ್‌ಬೋರ್ಡಿನ ರೇಡ್ ಸಾಫ್ಟ್‌ವೇರಿನಲ್ಲೂ ಇದೇ ಥರ ಮೆಮೊರಿಯಲ್ಲಿ ಕಾಯಿಸಿ ಆಮೇಲೆ ಬರೆಯುವ ರೈಟ್ ಬ್ಯಾಕ್ ಎಂಬ ಆಯ್ಕೆ ಇರುತ್ತದೆ. ದುಬಾರಿ ರೇಡ್ ಕಾರ್ಡುಗಳಲ್ಲಿ ಅದನ್ನು ಇಡಬಹುದು, ಯಾಕೆಂದರೆ ಅವುಗಳ ಕ್ಯಾಶ್‌ಗೆ ಸ್ವಂತ ಬ್ಯಾಟರಿಯೋ ಕೆಪಾಸಿಟರೋ ಇರುತ್ತದೆ. ನಿಮ್ಮದರಲ್ಲಿ ಅದಿಲ್ಲ. ಆಫ್ ಮಾಡಿ. ನಿಧಾನವಾಗುತ್ತದೆ, ನಿಜ. ಆದರೆ ಕ್ಯಾಮೆರಾಗಳಿಗೆ ಬೇಕಾದದ್ದು ಸೆಕೆಂಡಿಗೆ 8 ಎಂಬಿ. ಆಫ್ ಮಾಡಿದ ಮೇಲೆ ರೆಕಾರ್ಡಿಂಗ್‌ನಲ್ಲಿ ಚಿತ್ರ ಬಿಟ್ಟುಹೋಗುತ್ತಿದೆಯೇ ಎಂದು ಎರಡು ದಿನ ನೋಡಿ.

ಇದು ನೇರವಾಗಿ ರೇಡ್ 5ರ ದೊಡ್ಡ ಕೊರತೆಗೆ ಬರುತ್ತದೆ. ರೇಡ್ 5ರಲ್ಲಿ ಮೂರು ಡಿಸ್ಕ್‌ಗೆ ವಿಡಿಯೊ, ನಾಲ್ಕನೆಯದಕ್ಕೆ ಆ ಮೂರರ ತಾಳೆ ಲೆಕ್ಕ ಹೋಗುತ್ತದೆ. ಸರದಿ ಬದಲಾಗುತ್ತಾ ಇರುತ್ತದೆ, ಅದಿರಲಿ. ವಿಡಿಯೊ ಮತ್ತು ತಾಳೆ ಎರಡೂ ಒಟ್ಟಿಗೆ ಇಳಿಯಬೇಕು. ಒಂದು ಇಳಿದು ಇನ್ನೊಂದು ಇಳಿಯುವ ಮೊದಲು ಕರೆಂಟ್ ಹೋದರೆ ಎರಡೂ ಹೊಂದುವುದಿಲ್ಲ. ರೈಟ್ ಹೋಲ್ ಅನ್ನುತ್ತಾರೆ ಇದಕ್ಕೆ. ಆ ದಿನ ಏನೂ ಗೊತ್ತಾಗುವುದಿಲ್ಲ. ತಿಂಗಳುಗಳ ನಂತರ ಒಂದು ಡಿಸ್ಕ್ ಸತ್ತು, ತಾಳೆ ನೋಡಿ ಅದನ್ನು ಮತ್ತೆ ಕಟ್ಟುವಾಗ ತಪ್ಪು ಲೆಕ್ಕದಿಂದ ತಪ್ಪು ವಿಡಿಯೊ ಹುಟ್ಟುತ್ತದೆ. ರೇಡ್ ಇರುವುದು ಒಂದು ಡಿಸ್ಕ್ ಸತ್ತರೂ ಕೆಲಸ ನಿಲ್ಲಬಾರದು ಎಂದು. ಬರೆದದ್ದು ಸರಿಯಿದೆಯೇ ಎಂದು ನೋಡುವುದು ಅದರ ಕೆಲಸವಲ್ಲ.

ಮರುಕಟ್ಟುವುದೂ ಸುಲಭವಲ್ಲ. 8 ಟಿಬಿ ಡಿಸ್ಕ್ ಒಂದನ್ನು ಸೆಕೆಂಡಿಗೆ 150 ಎಂಬಿ ವೇಗದಲ್ಲಿ ತುಂಬಿದರೂ ಸುಮಾರು 15 ಗಂಟೆ ಬೇಕು. ನಡುವೆ 16 ಕ್ಯಾಮೆರಾ ಬರೆಯುತ್ತಲೇ ಇದ್ದರೆ ದಿನಗಟ್ಟಲೆ ಹೋಗುತ್ತದೆ. ಆಗ ಉಳಿದ ಮೂರು ಡಿಸ್ಕ್‌ಗಳ 24 ಟಿಬಿ ಪೂರ್ತಿ ತಪ್ಪಿಲ್ಲದೆ ಓದಬೇಕು. ಕೆಲವು ಡಿಸ್ಕ್‌ಗಳ ವಿವರದಲ್ಲಿ 12.5 ಟಿಬಿ ಓದಿದರೆ ಒಂದು ಕಡೆ ಓದಲಾಗದೆ ಹೋಗಬಹುದು ಎಂದೇ ಬರೆದಿರುತ್ತಾರೆ. ನಿಜದಲ್ಲಿ ಡಿಸ್ಕ್‌ಗಳು ಅದಕ್ಕಿಂತ ಚೆನ್ನಾಗಿಯೇ ನಡೆಯುತ್ತವೆ. ಆದರೂ ದೊಡ್ಡ ಡಿಸ್ಕ್‌ಗಳಿಗೆ ರೇಡ್ 5 ಹಾಕುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು.

ನಿಮಗೆ ನಾನು ಹೇಳುವುದು ರೇಡ್ 10. ಎರಡೆರಡು ಡಿಸ್ಕ್ ಜೋಡಿ, ಒಂದರ ನಕಲು ಇನ್ನೊಂದು. ತಾಳೆ ಲೆಕ್ಕದ ಗೊಡವೆಯೇ ಇಲ್ಲ, ಮರುಕಟ್ಟುವಾಗ ಒಂದೇ ಡಿಸ್ಕ್ ಓದಿದರೆ ಸಾಕು. ಆದರೆ ಜಾಗ 24 ಟಿಬಿಯಿಂದ 16ಕ್ಕೆ ಇಳಿಯುತ್ತದೆ, ಈಗಿನ ಲೆಕ್ಕಕ್ಕೆ 23 ದಿನ ಮಾತ್ರ ಬರುತ್ತದೆ. ಅದಕ್ಕೆ ದಾರಿ, ಬರೆಯುವುದನ್ನೇ ಕಡಿಮೆ ಮಾಡುವುದು. ನಿಮ್ಮ ಕ್ಯಾಮೆರಾಗಳಲ್ಲಿ ಎಚ್.265 ಎಂಬ ವಿಡಿಯೊ ಕುಗ್ಗಿಸುವ ವಿಧಾನ ಇದೆಯೇ ನೋಡಿ. ಹಳೆಯ ಎಚ್.264ಗೆ ಹೋಲಿಸಿದರೆ ಅದೇ ಗುಣಮಟ್ಟಕ್ಕೆ ಹೆಚ್ಚುಕಮ್ಮಿ ಅರ್ಧ ಜಾಗ ಸಾಕು. 2 ಮೆಗಾಬಿಟ್‌ಗೆ ಇಳಿದರೆ ದಿನಕ್ಕೆ 346 ಜಿಬಿ, 30 ದಿನಕ್ಕೆ 10.4 ಟಿಬಿ. 16 ಟಿಬಿಯಲ್ಲಿ ಆರಾಮಾಗಿ ಕೂರುತ್ತದೆ, ಖಾಲಿ ಜಾಗವೂ ಉಳಿಯುತ್ತದೆ. ಡಿಸ್ಕ್ ಸವೆಯುವುದೂ ಅರ್ಧ.

ಡಿಸ್ಕ್‌ಗಳ ಬಗ್ಗೆ ನೀವು ಬರೆದಿಲ್ಲ, ಆದರೆ ಒಮ್ಮೆ ಲೇಬಲ್ ಓದಿ. ಡೆಸ್ಕ್‌ಟಾಪ್‌ಗೆ ಮಾಡಿದ ಡಿಸ್ಕ್‌ಗಳು ಸಾಮಾನ್ಯವಾಗಿ ವರ್ಷಕ್ಕೆ 55 ಟಿಬಿ ಕೆಲಸಕ್ಕೆ ಎಂದು ಇರುತ್ತವೆ. ಡಬ್ಲ್ಯುಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಥರದ ಸಿಸಿಟಿವಿ ಡಿಸ್ಕ್‌ಗಳದ್ದು 180 ಟಿಬಿ, 24 ಗಂಟೆಯೂ ಓಡಲೆಂದೇ ಮಾಡಿದ್ದು. ನಿಮ್ಮ ರೇಡ್ 5ರಲ್ಲಿ ಒಂದೊಂದು ಡಿಸ್ಕ್ ವರ್ಷಕ್ಕೆ ಸುಮಾರು 84 ಟಿಬಿ ಬರೆಯುತ್ತಿದೆ. ಡೆಸ್ಕ್‌ಟಾಪ್ ಡಿಸ್ಕ್ ಆಗಿದ್ದರೆ ಅದರ ತಾಕತ್ತಿಗೆ ಮೀರಿದ ಹೊರೆ. ಇನ್ನೊಂದು ವ್ಯತ್ಯಾಸ ಇದೆ. ಓದಲಾಗದ ಜಾಗ ಸಿಕ್ಕಾಗ ಡೆಸ್ಕ್‌ಟಾಪ್ ಡಿಸ್ಕ್ ಹಟ ಹಿಡಿದು ಒಂದು ನಿಮಿಷಕ್ಕೂ ಜಾಸ್ತಿ ಪ್ರಯತ್ನಿಸುತ್ತಲೇ ಇರಬಹುದು. ಅಷ್ಟು ಹೊತ್ತು ಉತ್ತರ ಬಾರದಿದ್ದರೆ ರೇಡ್ ಅದನ್ನು ಸತ್ತಿದೆ ಅಂತ ಹೊರಗೆ ಹಾಕುತ್ತದೆ. ರೇಡ್‌ಗೆಂದು ಮಾಡಿದ ಡಿಸ್ಕ್ 7 ಸೆಕೆಂಡಿನ ಆಸುಪಾಸಿನಲ್ಲಿ ಕೈಬಿಟ್ಟು ಆಗಲಿಲ್ಲ ಎಂದು ಹೇಳುತ್ತದೆ.

ಎಸ್‌ಎಂಆರ್ ಡಿಸ್ಕ್ ಮಾತ್ರ ಬೇಡವೇ ಬೇಡ. ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಹತ್ತಿಸಿ ಬರೆಯುವ ಬಗೆ ಅದು. ಕೆಳಗಿನ ಒಂದು ಹೆಂಚು ಬದಲಿಸಬೇಕಾದರೆ ಮೇಲಿನವನ್ನೆಲ್ಲ ಎತ್ತಬೇಕಲ್ಲ, ಇಲ್ಲೂ ಹಾಗೇ. ಹಳೆಯದನ್ನು ಅಳಿಸಿ ಬರೆಯುವ ಕೆಲಸದಲ್ಲಿ ಮಧ್ಯೆ ಮಧ್ಯೆ ಉಸಿರುಗಟ್ಟಿ ನಿಲ್ಲುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸರಣಿಯ ಕೆಲವು ಡಿಸ್ಕ್‌ಗಳು ಎಸ್‌ಎಂಆರ್ ಎಂದು ಮೊದಲೇ ಹೇಳಿರಲಿಲ್ಲ ಅಂತ ದೊಡ್ಡ ಗಲಾಟೆಯಾಯಿತು. ಆಮೇಲೆ ಕಂಪನಿಗಳು ಪಟ್ಟಿ ಕೊಡುತ್ತಿವೆ. ಕೊಳ್ಳುವ ಮೊದಲು ಮಾಡೆಲ್ ನಂಬರ್ ಹಾಕಿ ಸಿಎಂಆರ್ (ಸಾಲುಗಳು ಒಂದರ ಮೇಲೊಂದು ಹತ್ತದ ಬಗೆ) ಎಂದು ಖಚಿತ ಮಾಡಿಕೊಳ್ಳಿ.

ಪೆಟ್ಟಿಗೆ ಬಿಚ್ಚಿ ಒಳಗೂ ನೋಡಿ. ಒಂದು ಕಡೆ ಸರ್ವರ್ ತೂಕದ ಯಂತ್ರದ ಪಕ್ಕದ ಕಪಾಟಿನಲ್ಲಿತ್ತು. ಬಿಚ್ಚಿದರೆ ಫ್ಯಾನ್ ರೆಕ್ಕೆಗಳ ಮೇಲೆ ಕಂದು ಬಣ್ಣದ ಅಡಿಕೆ ಧೂಳು ಬೆರಳು ದಪ್ಪ ಕೂತಿತ್ತು. ಪವರ್ ಸಪ್ಲೈ ಮೂಲೆಯಲ್ಲಿ ಎರಡು ಹಲ್ಲಿ ಮೊಟ್ಟೆ. ಡಿಸ್ಕ್‌ನ ಬಿಸಿ 58 ಡಿಗ್ರಿ. ಧೂಳು ತೆಗೆದು, ಕಪಾಟಿನ ಬಾಗಿಲಿಗೆ ಜಾಲರಿ ಹಾಕಿಸಿ, ಇನ್ನೊಂದು ಫ್ಯಾನ್ ಕೊಟ್ಟ ಮೇಲೆ 41ಕ್ಕೆ ಇಳಿಯಿತು. ನಡುಗುವ ಯಂತ್ರಗಳಿಂದಲೂ ದೂರ ಇಡಿ. ಡಿಸ್ಕ್‌ಗಳಿಗೆ ನಡುಕ ಒಗ್ಗುವುದಿಲ್ಲ. 2016ರ ಸೆಪ್ಟೆಂಬರಿನಲ್ಲಿ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಐಎನ್‌ಜಿ ಬ್ಯಾಂಕಿನ ಡೇಟಾ ಸೆಂಟರಿನಲ್ಲಿ ಬೆಂಕಿ ಆರಿಸುವ ಗ್ಯಾಸ್ ವ್ಯವಸ್ಥೆ ಪರೀಕ್ಷಿಸಿದಾಗ, ಗ್ಯಾಸ್ ಹೊರಬಂದ ಸದ್ದಿಗೇ ಹಾರ್ಡ್ ಡಿಸ್ಕ್‌ಗಳು ಕೆಟ್ಟು ಬ್ಯಾಂಕಿನ ಕೆಲಸ ಗಂಟೆಗಟ್ಟಲೆ ನಿಂತಿತ್ತು.

ಸಾಫ್ಟ್‌ವೇರ್ ಕಡೆ ಬೇಗ ಹೇಳಿಬಿಡುತ್ತೇನೆ. ವಿಂಡೋಸ್ ಮತ್ತು ಆ ಟೈಮ್‌ಲೈನ್‌ನ ಡೇಟಾಬೇಸ್ ಒಂದು ಚಿಕ್ಕ ಎಸ್‌ಎಸ್‌ಡಿಯಲ್ಲಿರಲಿ, ವಿಡಿಯೊ ಡಿಸ್ಕ್‌ಗಳಲ್ಲಿ ಬೇಡ. ಡೇಟಾಬೇಸನ್ನು ದಿನಾ ಇನ್ನೊಂದು ಕಡೆ ನಕಲು ಮಾಡಿ, ಅದು ವಿಡಿಯೊದಷ್ಟು ದೊಡ್ಡದಿರುವುದಿಲ್ಲ. ವಿಡಿಯೊ ಫೋಲ್ಡರ್ ಅನ್ನು ಆಂಟಿವೈರಸ್‌ನಿಂದ ಹೊರಗಿಡಿ. ಬರೆಯುತ್ತಿರುವ ಫೈಲನ್ನು ಅದು ಹಿಡಿದುಕೊಂಡರೆ ರೆಕಾರ್ಡಿಂಗ್ ತಪ್ಪುತ್ತದೆ. ಹೊಸದಾಗಿ ಫಾರ್ಮ್ಯಾಟ್ ಮಾಡುವಾಗ ಅಲೊಕೇಷನ್ ಸೈಜ್ 64 ಕೆಬಿ ಇಡಿ. ಡಿಸ್ಕ್‌ನಲ್ಲಿ ನೂರಕ್ಕೆ ಹತ್ತರಷ್ಟು ಯಾವಾಗಲೂ ಖಾಲಿ ಇರಲಿ. ಸ್ಲೀಪ್, ಡಿಫ್ರಾಗ್ ಆಫ್ ಮಾಡಿ, ಅಪ್‌ಡೇಟ್ ನೀವು ಹೇಳಿದ ಹೊತ್ತಿಗೇ ಆಗಲಿ. ವಿಂಡೋಸ್ 10 ಆಗಿದ್ದರೆ ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಬದಲಿಸಿ. ಗಡಿಯಾರವನ್ನು ಎನ್‌ಟಿಪಿಗೆ (ನೆಟ್‌ವರ್ಕ್ ಮೂಲಕ ಸಮಯ ಸರಿಮಾಡುವ ವ್ಯವಸ್ಥೆ) ಜೋಡಿಸಿ, ಮದರ್‌ಬೋರ್ಡಿನ ಚಿಕ್ಕ ನಾಣ್ಯದಂಥ ಬ್ಯಾಟರಿ ಬದಲಿಸಿ. ಅದು ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಗಡಿಯಾರ ವರ್ಷಗಳ ಹಿಂದಕ್ಕೆ ಹೋಗುತ್ತದೆ, ಹೊಸ ರೆಕಾರ್ಡಿಂಗನ್ನೇ ಹಳೆಯದು ಅಂತ ಸಾಫ್ಟ್‌ವೇರ್ ಅಳಿಸಿಬಿಡುತ್ತದೆ.

ಸರ್ವರನ್ನು ಮೊಬೈಲಿನಲ್ಲಿ ನೋಡಲು ಎಂದು ರೂಟರಿನಲ್ಲಿ ಪೋರ್ಟ್ ತೆರೆದಿಟ್ಟಿದ್ದರೆ ಮುಚ್ಚಿ, ವಿಪಿಎನ್ (ಹೊರಗಿನವರಿಗೆ ಕಾಣದ ಖಾಸಗಿ ಸಂಪರ್ಕ) ಬಳಸಿ. 2017ರ ಜನವರಿಯಲ್ಲಿ, ಟ್ರಂಪ್ ಪ್ರಮಾಣವಚನಕ್ಕೆ ಕೆಲವೇ ದಿನ ಇರುವಾಗ, ವಾಷಿಂಗ್ಟನ್ ನಗರದ ಪೊಲೀಸರ 187 ಸಿಸಿಟಿವಿ ರೆಕಾರ್ಡರ್‌ಗಳಲ್ಲಿ 123ಕ್ಕೆ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಹೊಕ್ಕಿತ್ತು. ಅದೇ ಹೊತ್ತಿಗೆ ಡಲ್ಲಾಸ್ ಪಕ್ಕದ ಕಾಕ್ರೆಲ್ ಹಿಲ್ ಎಂಬ ಪುಟ್ಟ ಊರಿನ ಪೊಲೀಸರು 2009ರಿಂದ ಈಚಿನ ಎಷ್ಟೋ ವಿಡಿಯೊ, ಫೋಟೊಗಳನ್ನು ಕಳೆದುಕೊಂಡರು. ಅವರಲ್ಲಿ ಬ್ಯಾಕಪ್ ಇತ್ತು. ಆದರೆ ವೈರಸ್ ಫೈಲ್‌ಗಳಿಗೆ ಬೀಗ ಹಾಕಿದ ಮೇಲೆ ಬ್ಯಾಕಪ್ ತಾನಾಗಿ ಓಡಿ, ಬೀಗ ಬಿದ್ದ ಫೈಲ್‌ಗಳನ್ನೇ ನಕಲು ಮಾಡಿಕೊಂಡಿತು. ಹಾಗಾಗಿ ಮುಖ್ಯವಾದ ತುಣುಕುಗಳನ್ನು ಬೇರೆ ಡಿಸ್ಕ್‌ಗೆ ಹಾಕಿ, ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಡಿ. ಕೇಬಲ್ ಸಿಕ್ಕಿಸಿಯೇ ಇಟ್ಟ ಡಿಸ್ಕ್‌ಗೆ ಆ ವೈರಸ್ಸೂ ಹೋಗಿ ಮುಟ್ಟುತ್ತದೆ.

ಎಲ್ಲ 20 ಟಿಬಿಗೂ ಬ್ಯಾಕಪ್ ಇಡುವುದು ನಿಮ್ಮಂಥವರಿಗೆ ಆಗದ ಮಾತು, ನನಗೂ ಗೊತ್ತು. ಬದಲಿಗೆ ಗೇಟು, ತೂಕದ ಕಟ್ಟೆ, ದಾಸ್ತಾನಿನ ಬಾಗಿಲು, ಈ ಮೂರು ನಾಲ್ಕು ಕ್ಯಾಮೆರಾಗಳ ಒಳಗೇ ಮೈಕ್ರೊ ಎಸ್‌ಡಿ ಕಾರ್ಡ್ ಹಾಕಿ. ಹೈ ಎಂಡ್ಯೂರೆನ್ಸ್ ಎಂದು ಬರೆದಿರುವುದೇ ಆಗಬೇಕು. 4 ಮೆಗಾಬಿಟ್‌ಗೆ ದಿನಕ್ಕೆ 43 ಜಿಬಿ, 256 ಜಿಬಿ ಕಾರ್ಡಿಗೆ ಸುಮಾರು ಆರು ದಿನ. 2 ಮೆಗಾಬಿಟ್‌ಗೆ ಇಳಿಸಿದರೆ ಅದರ ಎರಡರಷ್ಟು. ಸರ್ವರ್ ಬಿದ್ದ ರಾತ್ರಿಯೂ ಕ್ಯಾಮೆರಾ ತನ್ನ ಪಾಡಿಗೆ ಬರೆಯುತ್ತಿರುತ್ತದೆ. ಕ್ಯಾಮೆರಾಗಳಿಗೆ ಕರೆಂಟ್ ಕೊಡುವ ಪಿಒಇ ಸ್ವಿಚ್ಚೂ ಯುಪಿಎಸ್‌ನಲ್ಲಿರಬೇಕು, ಮರೆಯಬೇಡಿ. ಈಗಿನ ಕಳ್ಳತನಕ್ಕೂ ಒಮ್ಮೆ ನೋಡಿ, ಹಾಕಿಸಿದವರು ಯಾವುದಾದರೂ ಕ್ಯಾಮೆರಾದಲ್ಲಿ ಕಾರ್ಡ್ ಹಾಕಿಟ್ಟಿರಲೂಬಹುದು.

ವಿಡಿಯೊ ಸಿಕ್ಕರೆ ಪೊಲೀಸರಿಗೆ ಕೊಡುವ ಮೊದಲು ಅದರ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಅಕ್ಷರ, ಅಂಕಿಗಳ ಒಂದು ಸಾಲು) ತೆಗೆಯಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರದಲ್ಲಿ ಅದನ್ನು ಬರೆಯಬೇಕು. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಆಜ್ಞೆಯಿಂದ ಎಸ್‌ಎಚ್‌ಎ 256 ಬಗೆಯ ಹ್ಯಾಶ್ ಸಿಗುತ್ತದೆ. ನಕಲು ಮಾಡಿದ ಮೇಲೆ ಎರಡೂ ಕಡೆ ತೆಗೆದು ನೋಡಿ. ಒಂದು ಬಿಟ್ ಬದಲಾಗಿದ್ದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ, ನಕಲು ಕೆಟ್ಟದ್ದು ಅಲ್ಲೇ ಗೊತ್ತಾಗುತ್ತದೆ.

ಇನ್ನು ಉಳಿದದ್ದು ಓದುವ ಕೆಲಸ. ಇಷ್ಟೆಲ್ಲದರಲ್ಲಿ ಒಂದನ್ನೇ ಮಾಡಲು ನಿಮಗೆ ಪುರುಸೊತ್ತಿದ್ದರೆ ಇದನ್ನೇ ಮಾಡಿ ಅನ್ನುತ್ತೇನೆ. ಬಾಗಿಲ ಹತ್ತಿರ ಒಂದು ನೋಟ್‌ಬುಕ್ ನೇತುಹಾಕಿ. ಪ್ರತಿ ಸೋಮವಾರ ಯಾರಾದರೊಬ್ಬರು ಎರಡು ಕ್ಯಾಮೆರಾ ಆರಿಸಿ, ಹಿಂದಿನ ವಾರದ ಯಾವುದಾದರೂ ರಾತ್ರಿ 3 ಗಂಟೆಯ ಹತ್ತು ನಿಮಿಷ, 25 ದಿನ ಹಿಂದಿನ ಹತ್ತು ನಿಮಿಷ ಓಡಿಸಿ ನೋಡಲಿ. ಸುಮ್ನೆ ಗೆರೆ ನೋಡಿ ಸರಿ ಎಂದು ಬರೆಯಬಾರದು, ಚಿತ್ರ ಓಡಬೇಕು. ಕರೆಂಟ್ ಹೋದ ರಾತ್ರಿ ಇದ್ದರೆ ಅದನ್ನೇ ಆರಿಸಲಿ. ಎಂಟು ವಾರಕ್ಕೆ 16 ಕ್ಯಾಮೆರಾನೂ ಒಂದು ಸುತ್ತು ಆಗುತ್ತದೆ. ತಿಂಗಳಿಗೊಮ್ಮೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಥರದ ಉಚಿತ ಸಾಫ್ಟ್‌ವೇರಿನಲ್ಲಿ ನಾಲ್ಕು ಡಿಸ್ಕ್‌ಗಳ ಸ್ಮಾರ್ಟ್ ಅಂಕಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ಬರೆದುಕೊಳ್ಳಿ. ಸಾಲು 5 ಅಂದರೆ ಕೆಟ್ಟು ಬದಲಿಸಿದ ಜಾಗ, 197 ಅಂದರೆ ಅನುಮಾನದ ಜಾಗ, 198 ಅಂದರೆ ಓದಲಾಗದೇ ಹೋದದ್ದು. ಈ ಮೂರರಲ್ಲಿ ಸೊನ್ನೆ ಇದ್ದದ್ದು ಏರತೊಡಗಿದರೆ ಡಿಸ್ಕ್ ಇನ್ನೂ ಓಡುತ್ತಿದೆ ಅಂತ ಕಾಯಬೇಡಿ, ತೆಗೆದು ಹೊಸದು ಹಾಕಿ. 199 ಮಾತ್ರ ಏರುತ್ತಿದ್ದರೆ ತಪ್ಪು ಡಿಸ್ಕ್‌ನದ್ದಲ್ಲ, ಸಾಟಾ ಕೇಬಲ್‌ನದ್ದು ಇರಬಹುದು. ಮೊದಲು ಅದನ್ನು ಬದಲಿಸಿ ನೋಡಿ.

ಸ್ಮಾರ್ಟ್ ಅಂಕಿಗಳು ಈಗಿನ ನಾಲ್ಕು ಡಿಸ್ಕ್‌ಗಳದ್ದೂ ಬೇಕು. ಅವನ್ನು ಮತ್ತು ಈವೆಂಟ್ ಲಾಗ್‌ನ ಆ ರಾತ್ರಿಯ ಪುಟವನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿ. ನಾಲ್ಕರಲ್ಲಿ ಯಾವುದನ್ನು ಮೊದಲು ನಕಲು ಮಾಡಬೇಕು ಎಂದು ನೋಡಿ ಹೇಳುತ್ತೇನೆ.